ಆ ಹೋಟೆಲಿನಲ್ಲಿ ಕಳೆದುಹೋದ ಅಪ್ಪ: ಓದುಗರ ಪ್ರಶ್ನೆ, ನಮ್ಮ ಉತ್ತರ

ಕಳೆದ ಸಂಚಿಕೆಯಲ್ಲಿ ‘ದಿ ಶೈನಿಂಗ್’ ಸಿನಿಮಾ ಬಗ್ಗೆ ಎರಡು ಪ್ಯಾರಾ ಬರೆದಿದ್ದೆ. ಅಮೆರಿಕದ ಸ್ಟೀಫನ್ ಕಿಂಗ್ ಬರೆದ ಕಾದಂಬರಿಯಿಂದ ಸ್ಟಾನ್ಲಿ ಕುಬ್ರಿಕ್ ತೆಗೆದ ಸಿನಿಮಾ ಅದು. ‘ಸಿನಿಮಾ ಅದ್ಭುತವಾಗಿದೆ, ಆದರೆ ಕಥೆಯ ಜೀವ ಪುಸ್ತಕದಲ್ಲೇ ಉಳಿದುಹೋಗಿದೆ’ ಎಂದು ಬರೆದ ಒಂದೇ ಸಾಲಿಗೆ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಕೆಲವರು ಒಪ್ಪಿದ್ದಾರೆ, ಕೆಲವರು ಚೆನ್ನಾಗಿ ಜಗಳ ಆಡಿದ್ದಾರೆ, ಒಬ್ಬರು ತಮ್ಮ ಮನೆಯ ಕಥೆಯನ್ನೇ ಬರೆದಿದ್ದಾರೆ. ಹಾಗಾಗಿ ಈ ಸಲದ ಪುಟ ಪೂರ್ತಿ ಇದಕ್ಕೇ ಮೀಸಲು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಕಥೆಯ ಕೊನೆ ಹೇಳದೆ ಈ ಪ್ರಶ್ನೆಗಳಿಗೆ ಉತ್ತರ ಕೊಡಲು ಆಗುವುದಿಲ್ಲ. ನೋಡಬೇಕು, ಓದಬೇಕು ಅಂತಿರುವವರು ಪುಟ ಮಡಚಿಟ್ಟು ಆಮೇಲೆ ಬನ್ನಿ.

ಪ್ರಶ್ನೆ: ನಾನು ಸಿನಿಮಾ ನೋಡಿಲ್ಲ, ಪುಸ್ತಕವನ್ನೂ ಓದಿಲ್ಲ. ಕೊನೆ ಗೊತ್ತಾದರೂ ಪರವಾಗಿಲ್ಲ. ಕಥೆ ಏನು ಅಂತ ಚಿಕ್ಕದಾಗಿ ಹೇಳ್ತೀರಾ?
(ಹಾಸನದ ಓದುಗರು)

ಜ್ಯಾಕ್ ಟೊರೆನ್ಸ್ ಅಂತ ಒಬ್ಬ ಮೇಷ್ಟ್ರು. ಬರಹಗಾರ ಆಗಬೇಕೆಂಬ ಆಸೆ ಇದೆ, ಕುಡಿತದ ಚಟ ಇತ್ತು, ಸಿಟ್ಟು ಮೂಗಿನ ತುದಿಯಲ್ಲಿ. ಒಬ್ಬ ವಿದ್ಯಾರ್ಥಿಯ ಮೇಲೆ ಕೈ ಮಾಡಿ ಕೆಲಸ ಕಳೆದುಕೊಳ್ಳುತ್ತಾನೆ. ಗೆಳೆಯನೊಬ್ಬನ ಶಿಫಾರಸಿನಿಂದ ಕೊಲೊರಾಡೊದ ಬೆಟ್ಟದ ಮೇಲಿರುವ ಓವರ್‌ಲುಕ್ ಎಂಬ ದೊಡ್ಡ ಹೋಟೆಲನ್ನು ಚಳಿಗಾಲದಲ್ಲಿ ನೋಡಿಕೊಳ್ಳುವ ಕೆಲಸ ಸಿಗುತ್ತದೆ. ಹಿಮ ಬಿದ್ದು ರಸ್ತೆ ಮುಚ್ಚಿದರೆ ತಿಂಗಳುಗಟ್ಟಲೆ ಅಲ್ಲಿಗೆ ಯಾರೂ ಬರುವುದಿಲ್ಲ, ಅಲ್ಲಿಂದ ಯಾರೂ ಇಳಿಯುವುದೂ ಇಲ್ಲ. ಹೆಂಡತಿ ವೆಂಡಿ, ಐದು ವರ್ಷದ ಮಗ ಡ್ಯಾನಿ ಜೊತೆಗೆ ಹೋಗುತ್ತಾರೆ. ಆ ಹುಡುಗನಿಗೆ ಬೇರೆಯವರ ಮನಸ್ಸು ಓದುವ, ಮುಂದೆ ಆಗುವುದನ್ನು ಕಾಣುವ ಶಕ್ತಿ ಇದೆ. ಹೋಟೆಲಿನ ಅಡುಗೆಯವ ಹ್ಯಾಲೊರನ್‌ಗೂ ಅದು ಸ್ವಲ್ಪ ಇದೆ, ಅದನ್ನು ಅವನು ‘ಶೈನಿಂಗ್’ ಅನ್ನುತ್ತಾನೆ. ಹೋಟೆಲಿಗೆ ಆ ಹುಡುಗ ಬೇಕು. ಹುಡುಗನನ್ನು ಹಿಡಿಯಲು ಅದು ಬಳಸಿಕೊಳ್ಳುವುದು ಅವನ ಅಪ್ಪನನ್ನು. ಇಷ್ಟೇ ಕಥೆ.

ಪುಸ್ತಕ ಬಂದದ್ದು 1977ರಲ್ಲಿ, ಸಿನಿಮಾ 1980ರ ಮೇ ತಿಂಗಳಲ್ಲಿ. ಜ್ಯಾಕ್ ಆಗಿ ಜ್ಯಾಕ್ ನಿಕಲ್ಸನ್, ವೆಂಡಿಯಾಗಿ ಶೆಲ್ಲಿ ಡುವಾಲ್, ಡ್ಯಾನಿಯಾಗಿ ಡ್ಯಾನಿ ಲಾಯ್ಡ್ ಎಂಬ ಪುಟ್ಟ ಹುಡುಗ.

ಪ್ರಶ್ನೆ: ಅಂಥ ಹೋಟೆಲ್ ನಿಜವಾಗಿಯೂ ಇದೆ ಅಂತ ನನ್ನ ತಮ್ಮ ವಾದ ಮಾಡುತ್ತಾನೆ. ಹೌದಾ?
(ತುಮಕೂರಿನ ಓದುಗರು)

ನಿಮ್ಮ ತಮ್ಮ ಹೇಳುವುದರಲ್ಲಿ ಸತ್ಯ ಇದೆ, ಆದರೆ ಒಂದಲ್ಲ, ಎರಡು ಹೋಟೆಲ್.

ಮೊದಲನೆಯದು ಕೊಲೊರಾಡೊದ ಎಸ್ಟೆಸ್ ಪಾರ್ಕ್ ಊರಿನ ಸ್ಟಾನ್ಲಿ ಹೋಟೆಲ್. 1974ರ ಅಕ್ಟೋಬರ್ ಕೊನೆಯಲ್ಲಿ ಕಿಂಗ್ ತಮ್ಮ ಹೆಂಡತಿ ಟ್ಯಾಬಿತಾ ಜೊತೆ ಅಲ್ಲಿಗೆ ಹೋದರು. ಚಳಿಗಾಲಕ್ಕೆ ಹೋಟೆಲ್ ಬಾಗಿಲು ಹಾಕುವ ಹೊತ್ತು. ಅಷ್ಟು ದೊಡ್ಡ ಕಟ್ಟಡದಲ್ಲಿ ಅತಿಥಿಗಳು ಅಂತ ಇದ್ದದ್ದು ಇವರಿಬ್ಬರೇ. ಊಟದ ಹಾಲಿನಲ್ಲಿ ಇವರ ಮೇಜು ಬಿಟ್ಟು ಉಳಿದೆಲ್ಲ ಮೇಜುಗಳ ಮೇಲೆ ಕುರ್ಚಿಗಳನ್ನು ಬೋರಲು ಹಾಕಿದ್ದರಂತೆ. ಅವರು ಉಳಿದುಕೊಂಡದ್ದು 217ನೇ ಕೋಣೆಯಲ್ಲಿ. ಆ ರಾತ್ರಿ ಕನಸು ಬಿತ್ತು. ಮೂರು ವರ್ಷದ ಮಗ ಕಿರುಚುತ್ತಾ ಹೋಟೆಲಿನ ಕಾರಿಡಾರಿನಲ್ಲಿ ಓಡುತ್ತಿದ್ದಾನೆ, ಬೆಂಕಿ ಆರಿಸುವ ನೀರಿನ ಪೈಪು ಹಾವಿನ ಹಾಗೆ ಅವನನ್ನು ಅಟ್ಟಿಸಿಕೊಂಡು ಬರುತ್ತಿದೆ. ಕಿಂಗ್ ಬೆವೆತು ಎದ್ದು ಕೂತರು, ಕಿಟಕಿ ಪಕ್ಕ ಒಂದು ಸಿಗರೇಟು ಹಚ್ಚಿದರು, ಅದು ಮುಗಿಯುವಷ್ಟರಲ್ಲಿ ಕಾದಂಬರಿಯ ಚೌಕಟ್ಟು ತಲೆಯಲ್ಲಿ ನಿಂತಿತ್ತು.

ಈ ಕನಸನ್ನು ಸುಮ್ನೆ ಹೇಳಲಿಲ್ಲ, ಸ್ವಲ್ಪ ನೆನಪಿಟ್ಟುಕೊಳ್ಳಿ. ಈ ಕಥೆ ಹುಟ್ಟಿದ್ದೇ ತನ್ನ ಮಗುವಿಗೆ ಏನಾದರೂ ಆಗಿಬಿಟ್ಟರೆ ಎಂಬ ಒಬ್ಬ ಅಪ್ಪನ ಭಯದಿಂದ.

ಎರಡನೆಯದು ಆರೆಗಾನ್ ರಾಜ್ಯದ ಟಿಂಬರ್‌ಲೈನ್ ಲಾಡ್ಜ್. ಸಿನಿಮಾದಲ್ಲಿ ಹೋಟೆಲನ್ನು ಹೊರಗಿನಿಂದ ತೋರಿಸುವಾಗ ಕಾಣುವುದು ಅದು. ಒಳಗಿನದ್ದೆಲ್ಲ ಇಂಗ್ಲೆಂಡಿನ ಎಲ್‌ಸ್ಟ್ರೀ ಸ್ಟುಡಿಯೋದಲ್ಲಿ ಹಾಕಿದ ಸೆಟ್. ಕುಬ್ರಿಕ್ ಅಮೆರಿಕದವರಾದರೂ ಇಂಗ್ಲೆಂಡಿನಲ್ಲೇ ನೆಲೆಸಿದ್ದರು, ವಿಮಾನ ಹತ್ತುತ್ತಿರಲಿಲ್ಲ. ಹಾಗಾಗಿ ಕೊಲೊರಾಡೊದ ಹೋಟೆಲೇ ಅವರ ಹತ್ತಿರ ಬರಬೇಕಾಯಿತು. ಕೊನೆಯ ದೃಶ್ಯದಲ್ಲಿ ಕಾಣುವ ಹಿಮ ಕೂಡ ಹಿಮವಲ್ಲ. ರಾಶಿ ರಾಶಿ ಉಪ್ಪು ಮತ್ತು ಥರ್ಮೋಕೋಲ್ ಪುಡಿ.

ಪ್ರಶ್ನೆ: ದೆವ್ವ ಇರುವ ಕೋಣೆ ಪುಸ್ತಕದಲ್ಲಿ 217, ಸಿನಿಮಾದಲ್ಲಿ 237. ಇದರ ಹಿಂದೆ ಏನೋ ಗೂಢಾರ್ಥ ಇರಬೇಕಲ್ವಾ?
(ಶಿರಸಿಯ ಓದುಗರು)

ಇಲ್ಲ. ಟಿಂಬರ್‌ಲೈನ್ ಲಾಡ್ಜ್‌ನವರು ಕೇಳಿಕೊಂಡರು. ಅವರಲ್ಲಿ 217ನೇ ಕೋಣೆ ಇತ್ತು, ಸಿನಿಮಾ ನೋಡಿದವರು ಅಲ್ಲಿ ಉಳಿಯಲು ಹೆದರಬಹುದು ಅಂತ ಅವರ ಚಿಂತೆ. 237 ಅವರಲ್ಲಿ ಇರಲೇ ಇಲ್ಲ. ಈಗ ಜನ ಹಟ ಹಿಡಿದು 217ನ್ನೇ ಕೇಳುತ್ತಾರೆ.

ಪ್ರಶ್ನೆ: ಇಡೀ ಜಗತ್ತು ಮೆಚ್ಚಿದ ಸಿನಿಮಾ. ಕಿಂಗ್‌ಗೆ ಮಾತ್ರ ಇಷ್ಟ ಆಗಲಿಲ್ಲ ಅಂದರೆ ಅದು ಲೇಖಕರ ಅಹಂಕಾರ ಅಲ್ಲದೆ ಮತ್ತೇನು? ಸಿನಿಮಾ ಅನ್ನುವುದು ನಿರ್ದೇಶಕನ ಮಾಧ್ಯಮ. ನೀವೂ ಪುಸ್ತಕದ ಕಡೆ ವಾಲಿದ್ದು ಬೇಸರ ತಂದಿತು.
(ಬೆಂಗಳೂರಿನ ಓದುಗರು)

ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ, ಏಕೆಂದರೆ ಒಂದು ಕಾಲಕ್ಕೆ ನಾನೂ ಇದನ್ನೇ ಹೇಳುತ್ತಿದ್ದೆ. ಸಿನಿಮಾ ಮೊದಲು ನೋಡಿದ್ದು ಮೈಸೂರಿನ ಬಾಡಿಗೆ ಕೋಣೆಯಲ್ಲಿ, ಗೆಳೆಯನ ಕಂಪ್ಯೂಟರಿನಲ್ಲಿ, ರಾತ್ರಿ ಹನ್ನೊಂದಕ್ಕೆ ಶುರು ಮಾಡಿ. ಮುಗಿದ ಮೇಲೆ ನಾವಿಬ್ಬರೂ ಲೈಟು ಆರಿಸಲಿಲ್ಲ. ಪುಸ್ತಕ ಓದಿದ್ದು ಎಷ್ಟೋ ವರ್ಷದ ಮೇಲೆ, ನನಗೆ ಮಗ ಹುಟ್ಟಿದ ನಂತರ. ಆಗ ಕಿಂಗ್ ಯಾಕೆ ನೊಂದುಕೊಂಡರು ಅಂತ ಗೊತ್ತಾಯಿತು.

ಲೇಖಕರು ಬೇಸರಪಟ್ಟುಕೊಳ್ಳುವುದು ನಮಗೇನು ಹೊಸದಲ್ಲ. 1972ರಲ್ಲಿ ಪುಟ್ಟಣ್ಣ ಕಣಗಾಲ್ ಅವರು ತರಾಸು ಅವರ ಮೂರು ಕಾದಂಬರಿ ಸೇರಿಸಿ ‘ನಾಗರಹಾವು’ ಮಾಡಿದರು. ಜನ ಹುಚ್ಚೆದ್ದು ನೋಡಿದರು, ಇವತ್ತಿಗೂ ನೋಡುತ್ತಾರೆ. ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರು ಎಂದು ತರಾಸು ಹೇಳಿದರೆನ್ನುವ ಮಾತು ಕನ್ನಡ ಓದುಗರಿಗೆಲ್ಲ ಗೊತ್ತು. ಅದನ್ನು ಅಹಂಕಾರ ಅನ್ನುತ್ತೀರಾ? ನಾನು ಅನ್ನುವುದಿಲ್ಲ. ತಾನು ಕಂಡ ರಾಮಾಚಾರಿಯೇ ಬೇರೆ, ತೆರೆಯ ಮೇಲೆ ಬಂದ ರಾಮಾಚಾರಿಯೇ ಬೇರೆ ಅನ್ನಿಸಿದರೆ ನೋವಾಗುತ್ತದೆ. ಸಿನಿಮಾ ಒಳ್ಳೆಯದಾಗಿರುವುದೂ ನಿಜ, ಆ ನೋವೂ ನಿಜ.

ಈಗ ಕಿಂಗ್ ವಿಷಯಕ್ಕೆ ಬರುತ್ತೇನೆ. ಪುಸ್ತಕದ ಜ್ಯಾಕ್ ಒಳ್ಳೆಯ ಮನುಷ್ಯ. ಹಿಂದೆ ಒಂದು ಸಲ ಕುಡಿದ ಅಮಲಿನಲ್ಲಿ ಮಗನ ಕೈ ಮುರಿದಿದ್ದಾನೆ. ಆ ‘ಟಕ್’ ಎಂಬ ಸದ್ದು ಅವನನ್ನು ಬಿಟ್ಟಿಲ್ಲ. ಇನ್ನೊಂದು ರಾತ್ರಿ ಗೆಳೆಯನ ಕಾರಿನಲ್ಲಿ ಹೋಗುವಾಗ ರಸ್ತೆಯಲ್ಲಿ ಬಿದ್ದಿದ್ದ ಒಂದು ಸೈಕಲ್ಲಿಗೆ ಗುದ್ದುತ್ತಾರೆ. ಮಗು ಸತ್ತೇಹೋಯಿತು ಅಂತ ಟಾರ್ಚ್ ಹಿಡಿದು ಹುಡುಕುತ್ತಾರೆ. ಯಾರೂ ಸಿಗುವುದಿಲ್ಲ. ಅಂದಿನಿಂದ ಇಬ್ಬರೂ ಕುಡಿತ ಬಿಟ್ಟರು. ಹೋಟೆಲಿಗೆ ಬರುವಾಗ ಜ್ಯಾಕ್ ಗೆಲ್ಲಬೇಕು ಅಂತಲೇ ಬಂದಿದ್ದಾನೆ. ನಾವು ಪುಟ ತಿರುಗಿಸುತ್ತಾ ‘ಇವನು ತಡೆದುಕೊಳ್ಳಲಿ, ಇವನು ತಡೆದುಕೊಳ್ಳಲಿ’ ಅಂತ ಒಳಗೊಳಗೇ ಬೇಡಿಕೊಳ್ಳುತ್ತೇವೆ.

ಸಿನಿಮಾದಲ್ಲೂ ಮಗನ ಕೈಗೆ ಪೆಟ್ಟು ಮಾಡಿದ ವಿಷಯ ಬರುತ್ತದೆ, ಅಲ್ಲಿ ಭುಜದ ಕೀಲು ತಪ್ಪಿರುತ್ತದೆ. ಆದರೆ ವೆಂಡಿ ಅದನ್ನು ಡಾಕ್ಟರ ಹತ್ತಿರ ಹೇಳಿ ಮುಗಿಸುತ್ತಾಳೆ. ನಿಕಲ್ಸನ್ ಮಾತ್ರ ಮೊದಲ ದೃಶ್ಯದಿಂದಲೇ ಹುಬ್ಬು ಏರಿಸಿ ನಗುತ್ತಾರೆ, ಈ ಮನುಷ್ಯನಿಗೆ ಏನೋ ಆಗಿದೆ ಅಂತ ಕಾರಿನಲ್ಲಿ ಕೂತಾಗಲೇ ಗೊತ್ತಾಗಿಬಿಡುತ್ತದೆ. ಕಿಂಗ್ ಅವರ ಮುಖ್ಯ ತಕರಾರು ಇದೇ. ಇಳಿಯಲು ಎತ್ತರವೇ ಇಲ್ಲದಿದ್ದರೆ ಬೀಳುವುದು ಎಲ್ಲಿಂದ? ಎಂಜಿನ್ ಇಲ್ಲದ ಚೆಂದದ ದೊಡ್ಡ ಕ್ಯಾಡಿಲಾಕ್ ಕಾರು ಅಂತ ಅವರು ಈ ಸಿನಿಮಾವನ್ನು ಕರೆದರು.

ಕೊನೆಯನ್ನು ನೋಡಿ. ಸಿನಿಮಾದಲ್ಲಿ ಜ್ಯಾಕ್ ಕೊಡಲಿ ಹಿಡಿದು ಗಿಡಗಳ ಗೋಡೆಯ ಚಕ್ರವ್ಯೂಹದಲ್ಲಿ ಮಗನನ್ನು ಅಟ್ಟಿಸಿಕೊಂಡು ಹೋಗುತ್ತಾನೆ, ದಾರಿ ತಪ್ಪುತ್ತಾನೆ, ಹಿಮದಲ್ಲಿ ಮರಗಟ್ಟಿ ಸಾಯುತ್ತಾನೆ. ಪುಸ್ತಕದಲ್ಲಿ ಚಕ್ರವ್ಯೂಹವೇ ಇಲ್ಲ. ಅಲ್ಲಿ ಅಪ್ಪ ಕಾರಿಡಾರಿನಲ್ಲಿ ಮಗನನ್ನು ಮೂಲೆಗೆ ಒತ್ತಿ ಸುತ್ತಿಗೆ ಎತ್ತುತ್ತಾನೆ. ಮಗ ಓಡುವುದಿಲ್ಲ. ನೀನು ನನ್ನ ಅಪ್ಪ ಅಲ್ಲ, ನೀನು ಹೋಟೆಲ್ ಅನ್ನುತ್ತಾನೆ. ಆಗ ಒಂದೇ ಒಂದು ಕ್ಷಣ ಆ ಮುಖದೊಳಗಿಂದ ನಿಜವಾದ ಅಪ್ಪ ಮೇಲೆ ಬರುತ್ತಾನೆ. ಬೇಗ ಓಡಿಹೋಗು, ನಿನ್ನನ್ನು ನಾನು ಎಷ್ಟು ಪ್ರೀತಿಸುತ್ತೇನೆ ಅನ್ನುವುದು ನೆನಪಿರಲಿ ಅಂತ ಹೇಳುತ್ತಾನೆ. ಮತ್ತೆ ಮುಳುಗಿಹೋಗುತ್ತಾನೆ. ನೆಲಮಾಳಿಗೆಯ ಹಳೆಯ ಬಾಯ್ಲರಿನ ಒತ್ತಡ ಇಳಿಸುವುದನ್ನು ಎಲ್ಲರೂ ಮರೆತಿರುತ್ತಾರೆ, ಅದು ಸಿಡಿದು ಇಡೀ ಹೋಟೆಲ್ ಸುಟ್ಟುಹೋಗುತ್ತದೆ. ಪುಸ್ತಕ ಬೆಂಕಿಯಲ್ಲಿ ಮುಗಿಯುತ್ತದೆ, ಸಿನಿಮಾ ಹಿಮದಲ್ಲಿ.

ಆ ಒಂದು ಕ್ಷಣ ಕುಬ್ರಿಕ್ ಸಿನಿಮಾದಲ್ಲಿ ಇಲ್ಲ. ಅವರು ದೊಡ್ಡ ನಿರ್ದೇಶಕರು, ಈ ಸಿನಿಮಾ ದೊಡ್ಡ ಸಿನಿಮಾ, ಅದರಲ್ಲಿ ನನಗೆ ಎಳ್ಳಷ್ಟೂ ಅನುಮಾನ ಇಲ್ಲ. ಆದರೆ ನಾನು ‘ಕಥೆಯ ಜೀವ’ ಅಂತ ಬರೆದದ್ದು ಆ ಕ್ಷಣವನ್ನೇ.

ಪ್ರಶ್ನೆ: ಒಂದೇ ವಾಕ್ಯವನ್ನು ನೂರಾರು ಹಾಳೆಗಳಲ್ಲಿ ಟೈಪ್ ಮಾಡಿರುವುದನ್ನು ಹೆಂಡತಿ ನೋಡುವ ದೃಶ್ಯ ಪುಸ್ತಕದಲ್ಲಿ ಇದೆಯಾ?
(ಬಳ್ಳಾರಿಯ ಓದುಗರು)

ಇಲ್ಲ, ಅದು ಪೂರ್ತಿ ಸಿನಿಮಾದ್ದು. ಪುಸ್ತಕದಲ್ಲಿ ಜ್ಯಾಕ್ ಒಂದು ನಾಟಕ ಬರೆಯುತ್ತಿರುತ್ತಾನೆ, ಆಮೇಲೆ ಹೋಟೆಲಿನ ಹಳೆಯ ಸುದ್ದಿಗಳನ್ನು ಅಂಟಿಸಿದ ಪುಸ್ತಕವೊಂದು ನೆಲಮಾಳಿಗೆಯಲ್ಲಿ ಸಿಕ್ಕಿ ಅದರ ಗುಂಗಿಗೆ ಬೀಳುತ್ತಾನೆ. ಆದರೆ ಟೈಪ್ ಮಾಡಿದ ಹಾಳೆಗಳ ಆ ದೃಶ್ಯ ಮೂಲಕ್ಕಿಂತ ಮೇಲು ಅಂತ ನಾನು ಧೈರ್ಯವಾಗಿ ಹೇಳುತ್ತೇನೆ. ರಕ್ತ ಇಲ್ಲ, ದೆವ್ವ ಇಲ್ಲ, ಬರೀ ಹಾಳೆಗಳು. ಆದರೂ ಎದೆ ಝಲ್ಲೆನ್ನುತ್ತದೆ. ಆ ವಾಕ್ಯ ಇಂಗ್ಲಿಷಿನ ಒಂದು ಗಾದೆ. ಇಟಲಿ, ಜರ್ಮನಿ, ಫ್ರಾನ್ಸ್, ಸ್ಪೇನ್ ದೇಶಗಳ ಪ್ರತಿಗಾಗಿ ಅಲ್ಲಲ್ಲಿಯ ಭಾಷೆಯ ಗಾದೆಗಳನ್ನು ಹುಡುಕಿ ಹಾಳೆಗಳನ್ನು ಬೇರೆಯಾಗಿಯೇ ಟೈಪ್ ಮಾಡಿಸಿ ಚಿತ್ರೀಕರಿಸಿದ್ದರು.

ಪ್ರಶ್ನೆ: ವೆಂಡಿ ಪಾತ್ರ ನನಗೆ ಸಹಿಸಲಾಗಲಿಲ್ಲ. ಸಿನಿಮಾ ಪೂರ್ತಿ ಅಳುವುದು, ಕಿರುಚುವುದು. ಆ ನಟಿಗೆ ನಟನೆ ಬರುತ್ತಿರಲಿಲ್ಲವಾ?
(ಉಡುಪಿಯ ಓದುಗರು)

ದಯವಿಟ್ಟು ಶೆಲ್ಲಿ ಡುವಾಲ್ ಅವರನ್ನು ದೂರಬೇಡಿ. ಪಾತ್ರ ಬರೆದಿರುವುದೇ ಹಾಗೆ. ಪುಸ್ತಕದ ವೆಂಡಿ ಹೆದರುತ್ತಾಳೆ, ಆದರೆ ಯೋಚಿಸುತ್ತಾಳೆ, ತಿರುಗಿ ಬೀಳುತ್ತಾಳೆ. ಸಿನಿಮಾದ ವೆಂಡಿಯನ್ನು ಹೆಣ್ಣಿಗೆ ಅವಮಾನ ಮಾಡುವ ಪಾತ್ರ ಅಂತ ಕಿಂಗ್ ಅವರೇ ಟೀಕಿಸಿದ್ದಾರೆ.

ಚಿತ್ರೀಕರಣ ಸುಮಾರು ಒಂದು ವರ್ಷ ನಡೆಯಿತು. ಕುಬ್ರಿಕ್ ಒಂದೊಂದು ದೃಶ್ಯವನ್ನು ಹತ್ತಾರು ಸಲ ತೆಗೆಸುತ್ತಿದ್ದರು. ದಿನಗಟ್ಟಲೆ ಅಳುವ ದೃಶ್ಯಗಳು. ಕುಬ್ರಿಕ್ ಅವರ ಮಗಳು ವಿವಿಯನ್ ಸೆಟ್ಟಿನಲ್ಲಿ ಒಂದು ಸಾಕ್ಷ್ಯಚಿತ್ರ ತೆಗೆದಿದ್ದಾರೆ, ಅದರಲ್ಲಿ ನಿರ್ದೇಶಕರು ಡುವಾಲ್ ಮೇಲೆ ರೇಗುವುದು ಕಾಣುತ್ತದೆ. ನೋಡಲು ಕಷ್ಟವಾಗುತ್ತದೆ. ಅಷ್ಟೆಲ್ಲ ಪಟ್ಟ ಮೇಲೆ ಕೆಟ್ಟ ಸಿನಿಮಾಗಳಿಗೆ ಕೊಡುವ ರಾಝಿ ಪ್ರಶಸ್ತಿಯವರು ‘ಅತಿ ಕೆಟ್ಟ ನಟಿ’ ಅಂತ ಅವರ ಹೆಸರು ಸೂಚಿಸಿದರು. 2022ರಲ್ಲಿ ಆ ಹೆಸರನ್ನು ಹಿಂದಕ್ಕೆ ತೆಗೆದುಕೊಂಡರು. ನಲವತ್ತು ವರ್ಷ ತಡವಾಗಿ. ಡುವಾಲ್ 2024ರ ಜುಲೈನಲ್ಲಿ ತೀರಿಕೊಂಡರು. ಬಾತ್‌ರೂಮಿನ ಬಾಗಿಲು ಕೊಡಲಿಯಿಂದ ಒಡೆಯುತ್ತಿರುವಾಗ ಚಾಕು ಹಿಡಿದು ಗೋಡೆಗೆ ಒರಗಿದ ಅವರ ಮುಖವನ್ನು ಇನ್ನೊಮ್ಮೆ ನೋಡಿ. ಆ ಮುಖ ಇಲ್ಲದಿದ್ದರೆ ನಿಕಲ್ಸನ್ ಅವರ ಕೊಡಲಿಗೆ ಯಾರು ಹೆದರುತ್ತಿದ್ದರು?

ಪ್ರಶ್ನೆ: ನನ್ನ ಅಪ್ಪ ಕುಡಿಯುತ್ತಿದ್ದರು. ಸಿನಿಮಾ ನೋಡುವಾಗ ನನಗೆ ಭಯ ಆಗಲಿಲ್ಲ, ಸಿಟ್ಟು ಬಂತು. ಇವರು ನಮ್ಮಂಥ ಮನೆಗಳನ್ನು ನೋಡಿಯೇ ಇಲ್ಲ ಅನ್ನಿಸಿತು. ಪುಸ್ತಕ ಓದಿದರೆ ಇನ್ನೂ ಜಾಸ್ತಿ ನೋವಾಗುತ್ತದಾ? ನನ್ನ ಊರಿನ ಹೆಸರು ಹಾಕಬೇಡಿ.

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ನೋವಾಗುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಸಿಟ್ಟು ಬರುವುದಿಲ್ಲ ಅಂತ ನನಗೆ ಅನ್ನಿಸುತ್ತದೆ.

ಏಕೆಂದರೆ ಆ ಪುಸ್ತಕ ಬರೆದವರು ನಿಮ್ಮಂಥ ಮನೆಯನ್ನು ಒಳಗಿನಿಂದ ನೋಡಿದವರು. ಡ್ಯಾನಿ ಅಪ್ಪನ ಕುಡಿತಕ್ಕೆ ‘ಕೆಟ್ಟದ್ದು’ ಅಂತ ತನ್ನದೇ ಹೆಸರು ಇಟ್ಟುಕೊಂಡಿದ್ದಾನೆ. ಅಪ್ಪ ಕೆಲಸದಿಂದ ಬರುವುದು ತಡವಾದರೆ ಹುಡುಗ ರಸ್ತೆ ಬದಿಯಲ್ಲಿ ಕೂತು ಕಾಯುತ್ತಾನೆ, ಅಪ್ಪ ‘ಕೆಟ್ಟದ್ದು’ ಮಾಡುತ್ತಿದ್ದಾನೋ ಏನೋ ಅಂತ ಹೆದರಿಕೊಂಡು. ವಿಚ್ಛೇದನ ಅನ್ನುವ ಪದ ಅಮ್ಮನ ಮನಸ್ಸಿನಲ್ಲಿ ಸುಳಿದರೂ ಅವನಿಗೆ ಗೊತ್ತಾಗುತ್ತದೆ. ಅಪ್ಪ ಕುಡಿತ ಬಿಟ್ಟಿದ್ದರೂ ತಲೆನೋವಿನ ಮಾತ್ರೆಗಳನ್ನು ನೀರಿಲ್ಲದೆ ಅಗಿಯುವುದು, ಕರ್ಚೀಫಿನಿಂದ ತುಟಿ ಒರೆಸಿಕೊಳ್ಳುವುದು, ಇದೆಲ್ಲ ಕುಡಿಯುವ ದಿನಗಳ ಅಭ್ಯಾಸ. ಅದು ಮತ್ತೆ ಶುರುವಾದಾಗ ವೆಂಡಿಯ ಹೊಟ್ಟೆಯಲ್ಲಿ ಏನೋ ಕಲಸುತ್ತದೆ. ಕುಡಿಯುವವರ ಮನೆಯಲ್ಲಿ ಹೆಜ್ಜೆಯ ಸದ್ದು ಕೇಳಿಯೇ ಆ ರಾತ್ರಿ ಹೇಗಿರುತ್ತದೆ ಅಂತ ಮಕ್ಕಳು ಹೇಳಿಬಿಡುತ್ತಾರೆ, ಅದಕ್ಕೆ ಯಾವ ‘ಶೈನಿಂಗ್’ ಶಕ್ತಿಯೂ ಬೇಕಿಲ್ಲ. ನಿಮಗೆ ಇದು ನನಗಿಂತ ಚೆನ್ನಾಗಿ ಗೊತ್ತು.

ಕಿಂಗ್ ಆ ಕಾಲದಲ್ಲಿ ತಾವೇ ಕುಡಿಯುತ್ತಿದ್ದರು. ನನ್ನ ಬಗ್ಗೆಯೇ ಬರೆಯುತ್ತಿದ್ದೇನೆ ಅಂತ ಗೊತ್ತಿಲ್ಲದೆಯೇ ಈ ಕಾದಂಬರಿ ಬರೆದೆ ಎಂದು 2000ದಲ್ಲಿ ಬಂದ ತಮ್ಮ ‘ಆನ್ ರೈಟಿಂಗ್’ ಪುಸ್ತಕದಲ್ಲಿ ಹೇಳಿಕೊಂಡಿದ್ದಾರೆ. ಕುಡಿತ ಬಿಟ್ಟದ್ದು 1980ರ ದಶಕದ ಕೊನೆಯಲ್ಲಿ. 2013ರಲ್ಲಿ ಇದೇ ಕಥೆಯನ್ನು ಮುಂದುವರಿಸಿ ‘ಡಾಕ್ಟರ್ ಸ್ಲೀಪ್’ ಬರೆದರು. ಅದರಲ್ಲಿ ಡ್ಯಾನಿ ದೊಡ್ಡವನಾಗಿದ್ದಾನೆ, ಅಪ್ಪನ ಹಾಗೆಯೇ ಕುಡುಕನಾಗಿದ್ದಾನೆ. ಆದರೆ ಕುಡಿತ ಬಿಟ್ಟವರ ಸಂಘದ ಸಭೆಗಳಿಗೆ ಹೋಗಿ, ಒಂದೊಂದೇ ದಿನ ಅಂತ ಎಣಿಸಿ ಹೊರಗೆ ಬರುತ್ತಾನೆ. ನೀವು ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಓದಿ. ಮೊದಲನೆಯದು ಜಾಸ್ತಿ ಭಾರ ಅನ್ನಿಸಿದರೆ ಮುಚ್ಚಿಡಿ, ಅದನ್ನು ಮುಗಿಸಲೇಬೇಕು ಅಂತೇನೂ ಇಲ್ಲ. ಓದಿದ ಮೇಲೆ ಇನ್ನೊಂದು ಪತ್ರ ಬರೆದರೆ ನನಗೆ ಸಂತೋಷ, ಅದನ್ನು ಅಚ್ಚು ಹಾಕುವುದಿಲ್ಲ.

ಪ್ರಶ್ನೆ: ಸಿನಿಮಾದಲ್ಲಿ ಕಗ್ಗತ್ತಲು ಕಡಿಮೆ, ಎಲ್ಲ ಕಡೆ ಬೆಳಕಿದೆ. ಆದರೂ ಅಷ್ಟು ಭಯ ಹೇಗೆ ಹುಟ್ಟಿಸಿದರು?
(ಹುಬ್ಬಳ್ಳಿಯ ಓದುಗರು)

ಒಳ್ಳೆಯ ಪ್ರಶ್ನೆ, ನಾನೇ ಯಾರಾದರೂ ಕೇಳಲಿ ಅಂತ ಕಾಯುತ್ತಿದ್ದೆ. ಡ್ಯಾನಿ ಮೂರು ಚಕ್ರದ ಸೈಕಲ್ ಓಡಿಸುವ ದೃಶ್ಯ ನೆನಪು ಮಾಡಿಕೊಳ್ಳಿ. ಕ್ಯಾಮೆರಾ ನೆಲಕ್ಕೆ ತಾಗುವ ಹಾಗೆ ಅವನ ಬೆನ್ನ ಹಿಂದೆಯೇ ಜಾರುತ್ತಾ ಹೋಗುತ್ತದೆ. ಅದು ಸ್ಟೆಡಿಕ್ಯಾಮ್. ಕ್ಯಾಮೆರಾ ಹಿಡಿದವರು ನಡೆದರೂ ಓಡಿದರೂ ಚಿತ್ರ ಅಲುಗದಂತೆ ನೋಡಿಕೊಳ್ಳುವ ಸಾಧನ. ಅದನ್ನು ಕಂಡುಹಿಡಿದ ಗ್ಯಾರೆಟ್ ಬ್ರೌನ್ ಅವರೇ ಈ ಸಿನಿಮಾದಲ್ಲಿ ಅದನ್ನು ನಡೆಸಿದರು. ಈಗ ಕಣ್ಣು ಮುಚ್ಚಿ ಆ ದೃಶ್ಯವನ್ನು ಕಿವಿಯಿಂದ ಕೇಳಿ. ಮರದ ನೆಲದ ಮೇಲೆ ಚಕ್ರ ಗಡಗಡ ಅನ್ನುತ್ತದೆ, ರತ್ನಗಂಬಳಿ ಬಂದ ತಕ್ಷಣ ಸದ್ದೇ ಇಲ್ಲ, ಮತ್ತೆ ಗಡಗಡ, ಮತ್ತೆ ಮೌನ. ಉಸಿರು ಬಿಗಿ ಹಿಡಿಯುವುದು ಆ ಮೌನದಲ್ಲಿ. ತಿರುವಿನಲ್ಲಿ ಏನಿದೆ ಅಂತ ಆ ಹುಡುಗನಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ.

ಸಂಗೀತದ ಬಹುಭಾಗ ಈ ಸಿನಿಮಾಕ್ಕೆ ಅಂತ ಮಾಡಿದ್ದಲ್ಲ. ಬಾರ್ಟೋಕ್, ಪೆಂಡೆರೆಟ್ಸ್ಕಿ, ಲಿಗೆಟಿ ಮೊದಲೇ ರಚಿಸಿದ್ದ ಕೃತಿಗಳನ್ನು ಎತ್ತಿಕೊಂಡು ಬಳಸಿದ್ದಾರೆ. ಶುರುವಿನಲ್ಲಿ ಬೆಟ್ಟದ ರಸ್ತೆಯಲ್ಲಿ ಪುಟ್ಟ ಹಳದಿ ಕಾರು ಹೋಗುವಾಗ ಕೇಳುವುದು ಮಾತ್ರ ವೆಂಡಿ ಕಾರ್ಲೋಸ್ ಮತ್ತು ರೇಚಲ್ ಎಲ್ಕಿಂಡ್ ಅವರದ್ದು. ಅದರ ರಾಗ ಕ್ರೈಸ್ತರ ಹಳೆಯ ಪ್ರಾರ್ಥನೆಯೊಂದರದ್ದು, ಸತ್ತವರಿಗಾಗಿ ಹಾಡುವಂಥದ್ದು. ಇನ್ನೂ ಯಾರೂ ಹೋಟೆಲ್ ತಲುಪಿಲ್ಲ, ಆಗಲೇ ಆ ರಾಗ ಶುರುವಾಗಿದೆ.

ಡ್ಯಾನಿ ಲಾಯ್ಡ್‌ಗೆ ಇದು ಭಯದ ಸಿನಿಮಾ ಅಂತಲೇ ಗೊತ್ತಿರಲಿಲ್ಲ ಅನ್ನುವುದೂ ನಿಜ. ಆ ಮಟ್ಟಿಗೆ ಮಗುವನ್ನು ಕಾಪಾಡಿದರು, ಅದಕ್ಕಾಗಿ ಕುಬ್ರಿಕ್ ಅವರನ್ನು ಮೆಚ್ಚಲೇಬೇಕು.

ಪ್ರಶ್ನೆ: ಕಥೆ ಬದಲಾಯಿಸಿದರೆ ಕಿಂಗ್‌ಗೆ ಯಾವಾಗಲೂ ಸಿಟ್ಟು ಬರುತ್ತದಾ?
(ದಾವಣಗೆರೆಯ ಓದುಗರು)

ಇಲ್ಲವೇ ಇಲ್ಲ. ಅವರ ‘ದಿ ಮಿಸ್ಟ್’ ಕಥೆಯನ್ನು ಫ್ರಾಂಕ್ ಡೆರಬಾಂಟ್ 2007ರಲ್ಲಿ ಸಿನಿಮಾ ಮಾಡಿದರು. ಊರಿಗೆ ಮಂಜು ಕವಿಯುತ್ತದೆ, ಮಂಜಿನೊಳಗೆ ಏನೇನೋ ಪ್ರಾಣಿಗಳು, ಜನ ಒಂದು ದೊಡ್ಡ ಅಂಗಡಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಕಿಂಗ್ ಕಥೆ ಒಂದು ಚೂರು ಆಸೆ ಉಳಿಸಿ ಮುಗಿಯುತ್ತದೆ. ಸಿನಿಮಾದಲ್ಲಿ ಕಾರಿನಲ್ಲಿ ಐದು ಜನ, ಪಿಸ್ತೂಲಿನಲ್ಲಿ ನಾಲ್ಕು ಗುಂಡು. ಆ ಪ್ರಾಣಿಗಳ ಬಾಯಿಗೆ ಸಿಗುವುದು ಬೇಡ ಅಂತ ಅಪ್ಪ ತನ್ನ ಮಗನನ್ನೂ ಉಳಿದ ಮೂವರನ್ನೂ ಕೊಲ್ಲುತ್ತಾನೆ. ಸ್ವಲ್ಪ ಹೊತ್ತಿಗೆ ಮಂಜು ತಿಳಿಯಾಗಿ ಸೈನ್ಯ ಬರುತ್ತದೆ. ನನಗೆ ಇದನ್ನು ಎರಡನೇ ಸಲ ನೋಡಲು ಆಗಿಲ್ಲ. ಆದರೆ ಕಿಂಗ್ ಆ ಕೊನೆಯನ್ನು ಮನಸಾರೆ ಮೆಚ್ಚಿದರು, ಇದು ನನಗೇ ಹೊಳೆಯಬೇಕಿತ್ತು ಅನ್ನುವ ಅರ್ಥದಲ್ಲಿ ಮಾತಾಡಿದರು.

ನೋಡಿ, ಇದು ‘ಶೈನಿಂಗ್’ಗಿಂತ ಎಷ್ಟೋ ಪಾಲು ಕ್ರೂರವಾದ ಬದಲಾವಣೆ. ಆದರೂ ಒಪ್ಪಿಕೊಂಡರು. ನನಗೆ ತೋಚುವ ಕಾರಣ ಇದು: ಆ ಅಪ್ಪ ಮಗನನ್ನು ಪ್ರೀತಿಸುತ್ತಾನೆ, ಆ ಪ್ರೀತಿಯಿಂದಲೇ ಆ ಘೋರ ನಡೆಯುತ್ತದೆ. ಕೊನೆ ಬದಲಾದರೂ ಒಳಗಿನದ್ದು ಹಾಗೇ ಉಳಿದಿದೆ.

‘ಡಾಕ್ಟರ್ ಸ್ಲೀಪ್’ 2019ರಲ್ಲಿ ಸಿನಿಮಾ ಆದಾಗ ನಿರ್ದೇಶಕ ಮೈಕ್ ಫ್ಲಾನಗನ್ ಇನ್ನೂ ಒಂದು ಕೆಲಸ ಮಾಡಿದರು. ಕುಬ್ರಿಕ್ ಸಿನಿಮಾದ ಹೋಟೆಲನ್ನೇ ಮತ್ತೆ ಕಟ್ಟಿಸಿ, ಹಳೆಯ ಪುಸ್ತಕದ ಬಾಯ್ಲರನ್ನೂ ಬೆಂಕಿಯನ್ನೂ ಅದರೊಳಗೆ ತಂದರು. ಕುಬ್ರಿಕ್ ಸಿನಿಮಾದಲ್ಲಿ ತನಗೆ ಹಿಡಿಸದೆ ಇದ್ದದ್ದೆಲ್ಲ ಇಲ್ಲಿ ಸರಿಹೋಯಿತು ಎಂದರು ಕಿಂಗ್. ಅದಕ್ಕೂ ಮೊದಲು 1997ರಲ್ಲಿ ಕಿಂಗ್ ತಾವೇ ಚಿತ್ರಕಥೆ ಬರೆದು ಟಿವಿಗೆ ಮೂರು ಕಂತಿನಲ್ಲಿ ‘ಶೈನಿಂಗ್’ ಮಾಡಿಸಿದ್ದರು, ಅದೇ ಸ್ಟಾನ್ಲಿ ಹೋಟೆಲಿನಲ್ಲಿ. ಪುಸ್ತಕಕ್ಕೆ ಹತ್ತಿರ ಇದೆ, ಆದರೆ ಭಯ ಆಗುವುದಿಲ್ಲ. ಇದನ್ನೂ ಹೇಳದಿದ್ದರೆ ಬೆಂಗಳೂರಿನ ಓದುಗರಿಗೆ ಅನ್ಯಾಯ ಆಗುತ್ತದೆ.

ಪ್ರಶ್ನೆ: ಕುಬ್ರಿಕ್ ಮತ್ತು ಕಿಂಗ್ ಮಾತಾಡಿಕೊಂಡಿದ್ದರಾ?
(ಮಂಡ್ಯದ ಓದುಗರು)

ಕಿಂಗ್ ಬರೆದ ಚಿತ್ರಕಥೆಯನ್ನು ಕುಬ್ರಿಕ್ ಬಳಸಲಿಲ್ಲ, ಲೇಖಕಿ ಡಯಾನ್ ಜಾನ್ಸನ್ ಜೊತೆ ಕೂತು ಹೊಸದಾಗಿ ಬರೆದರು. ಆದರೆ ಫೋನ್ ಮಾಡುತ್ತಿದ್ದರು. ಒಂದು ಬೆಳಿಗ್ಗೆ ಕಿಂಗ್ ಗಡ್ಡ ಬೋಳಿಸಿಕೊಳ್ಳುತ್ತಿದ್ದಾಗ ಇಂಗ್ಲೆಂಡಿನಿಂದ ಫೋನ್ ಬಂತಂತೆ. ದೆವ್ವದ ಕಥೆಗಳೆಲ್ಲ ಆಸೆ ಕೊಡುವ ಕಥೆಗಳೇ ಅಲ್ಲವೇ, ದೆವ್ವ ಇದೆ ಅಂದರೆ ಸತ್ತ ಮೇಲೂ ನಾವು ಇರುತ್ತೇವೆ ಅಂತ ತಾನೇ, ಎಂದು ಕುಬ್ರಿಕ್ ಕೇಳಿದರು. ಹಾಗಾದರೆ ನರಕ? ಅಂದರು ಕಿಂಗ್. ಆ ಕಡೆ ಸ್ವಲ್ಪ ಹೊತ್ತು ಮೌನ. ನಾನು ನರಕವನ್ನು ನಂಬುವುದಿಲ್ಲ ಅಂದರಂತೆ ಕುಬ್ರಿಕ್. ಇದನ್ನು ಕಿಂಗ್ ಅವರೇ ಎಷ್ಟೋ ಕಡೆ ಹೇಳಿದ್ದಾರೆ. ಇಬ್ಬರ ಜಗಳ ಪೂರ್ತಿ ಈ ಎರಡು ಮಾತಿನಲ್ಲಿ ಇದೆ ಅಂತ ನನಗೆ ಅನ್ನಿಸುತ್ತದೆ. ಒಬ್ಬರು ನರಕವನ್ನು ಮನೆಯಲ್ಲೇ ಕಂಡವರು.

ಪ್ರಶ್ನೆ: ನನ್ನ ಇಂಗ್ಲಿಷ್ ಸಾಧಾರಣ. ಪುಸ್ತಕ ಓದಲು ಆಗುತ್ತದಾ?
(ಕೊಪ್ಪಳದ ಓದುಗರು)

ಖಂಡಿತ ಆಗುತ್ತದೆ. ಸುಮಾರು 450 ಪುಟ ಇದೆ, ದಪ್ಪ ನೋಡಿ ಹೆದರಬೇಡಿ. ಕಿಂಗ್ ಬರೆಯುವುದು ಮಾತಾಡುವ ಇಂಗ್ಲಿಷ್. ಕಷ್ಟ ಆಗುವುದು ಎರಡು ಕಡೆ: ಅಮೆರಿಕದ ಸಾಮಾನು, ಟಿವಿ ಕಾರ್ಯಕ್ರಮ, ಔಷಧಿಗಳ ಹೆಸರು ಸಿಕ್ಕಾಪಟ್ಟೆ ಬರುತ್ತವೆ, ಅವನ್ನು ದಾಟಿಕೊಂಡು ಹೋಗಿ. ಇನ್ನೊಂದು, ಪಾತ್ರಗಳ ಮನಸ್ಸಿನ ಮಾತು ವಾಕ್ಯದ ಮಧ್ಯೆಯೇ ಕಂಸದಲ್ಲಿ ತುಂಡು ತುಂಡಾಗಿ ನುಗ್ಗುತ್ತದೆ. ಮೊದಲು ಗಲಿಬಿಲಿ ಆಗುತ್ತದೆ, ನಲವತ್ತು ಐವತ್ತು ಪುಟ ಆಗುವಷ್ಟರಲ್ಲಿ ಅಭ್ಯಾಸ ಆಗುತ್ತದೆ. ಪ್ರತಿ ಪದಕ್ಕೂ ನಿಘಂಟು ತೆಗೆಯಬೇಡಿ. ಹೋಟೆಲಿಗೆ ಹೋಗುವ ತನಕ ನಿಧಾನ, ಹಿಮ ಬಿದ್ದ ಮೇಲೆ ನೀವೇ ಪುಸ್ತಕ ಕೆಳಗಿಡುವುದಿಲ್ಲ.

ಪ್ರಶ್ನೆ: ಹನ್ನೊಂದು ವರ್ಷದ ಮಗಳು ನಮ್ಮ ಜೊತೆ ಕೂತು ನೋಡುತ್ತೇನೆ ಅನ್ನುತ್ತಾಳೆ. ತೋರಿಸಬಹುದಾ?
(ಮಂಗಳೂರಿನ ಓದುಗರು)

ಬೇಡ. ರಕ್ತ ಮತ್ತು 237ನೇ ಕೋಣೆಯ ದೃಶ್ಯ ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ, ಅಪ್ಪನೇ ಕೊಲ್ಲಲು ಬರುತ್ತಾನೆ ಅನ್ನುವುದನ್ನು ಆ ವಯಸ್ಸಿನಲ್ಲಿ ತಲೆಯಲ್ಲಿ ಇಟ್ಟುಕೊಂಡು ಮಲಗುವುದು ಬೇಡ. ಇನ್ನು ನಾಲ್ಕೈದು ವರ್ಷ ಹೋಗಲಿ.

ಪ್ರಶ್ನೆ: ನಾನು ನೋಡಿದ ಸಿನಿಮಾ ಎರಡು ಗಂಟೆಯದ್ದು, ಗೆಳೆಯ ನೋಡಿದ್ದು ಸುಮಾರು ಎರಡೂವರೆ ಗಂಟೆಯದ್ದು. ಯಾವುದು ನಿಜವಾದದ್ದು?
(ಕಲಬುರಗಿಯ ಓದುಗರು)

ಎರಡೂ ಕುಬ್ರಿಕ್ ಅವರೇ ಕತ್ತರಿಸಿದ್ದು. ಅಮೆರಿಕದ್ದು 144 ನಿಮಿಷ, ಆಮೇಲೆ ಯುರೋಪಿಗೆ ಅಂತ ಅವರೇ 119 ನಿಮಿಷಕ್ಕೆ ಇಳಿಸಿದರು. ಉದ್ದದ್ದನ್ನೇ ನೋಡಿ. ಮಗನ ಕೈಗೆ ಪೆಟ್ಟಾದ ವಿಷಯ ವೆಂಡಿ ಡಾಕ್ಟರಿಗೆ ಹೇಳುವ ದೃಶ್ಯ ಚಿಕ್ಕದರಲ್ಲಿ ಇಲ್ಲವೇ ಇಲ್ಲ.

ಇನ್ನೂ ಒಂದು ಇತ್ತು, 146 ನಿಮಿಷದ್ದು. ಬಿಡುಗಡೆಯಾದಾಗ ಅಮೆರಿಕದಲ್ಲಿ ತೋರಿಸಿದ್ದು ಅದನ್ನೇ. ಅದರ ಕೊನೆಯಲ್ಲಿ ಒಂದು ಆಸ್ಪತ್ರೆ ದೃಶ್ಯ ಇತ್ತು. ಬದುಕಿ ಉಳಿದ ವೆಂಡಿ ಮತ್ತು ಡ್ಯಾನಿಯನ್ನು ನೋಡಲು ಹೋಟೆಲ್ ಮ್ಯಾನೇಜರ್ ಬರುತ್ತಾನೆ. ಹೊರಡುವಾಗ ಹುಡುಗನ ಕಡೆ ಒಂದು ಹಳದಿ ಚೆಂಡು ಎಸೆಯುತ್ತಾನೆ. ಹೋಟೆಲಿನ ಕಾರಿಡಾರಿನಲ್ಲಿ ಯಾರೂ ಇಲ್ಲದ ಕಡೆಯಿಂದ ಡ್ಯಾನಿಯ ಹತ್ತಿರ ಉರುಳಿಕೊಂಡು ಬಂದಿತ್ತಲ್ಲ, ಅಂಥದ್ದೇ ಚೆಂಡು. ಸಿನಿಮಾ ತೆರೆಕಂಡ ಒಂದು ವಾರದೊಳಗೆ ಕುಬ್ರಿಕ್ ಆ ದೃಶ್ಯ ಬೇಡ ಎಂದರು. ಥಿಯೇಟರುಗಳಲ್ಲಿ ಪ್ರೊಜೆಕ್ಟರ್ ನಡೆಸುವವರು ರೀಲಿನಿಂದ ಆ ಎರಡು ನಿಮಿಷವನ್ನು ಕತ್ತರಿಸಿ ವಾಪಸ್ ಕಳಿಸಿದರು. ಆಮೇಲೆ ಅದನ್ನು ಎಲ್ಲೂ ತೋರಿಸಿಲ್ಲ. ಅಮ್ಮ ಮಗ ಆ ಬೆಟ್ಟದಿಂದ ಇಳಿದು ಬಂದದ್ದನ್ನು ಕುಬ್ರಿಕ್ ಸಿನಿಮಾದಲ್ಲಿ ಕಂಡವರು ಆ ಮೊದಲ ವಾರ ಟಿಕೆಟ್ ತಗೊಂಡವರು ಮಾತ್ರ.